ಕುಡಿದವನ ಹಿಂದೆ ಕೂತವಳು

ಬೀಗರೂಟ ಮುಗಿದು ಹೊತ್ತು ಮುಳುಗುತ್ತಿದೆ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಯಾವುದೋ ಒಂದು ಊರು ಅಂದುಕೊಳ್ಳಿ. ಶಾಮಿಯಾನದ ಕೆಳಗೆ ಹೆಂಗಸರು ಪಾತ್ರೆ ಬಳಿದು, ಉಳಿದ ಸಾರನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮಕ್ಕಳ ಚಪ್ಪಲಿ ಹುಡುಕುತ್ತಿದ್ದಾರೆ. ಮಧ್ಯಾಹ್ನದಿಂದ ಕಣದ ಆಚೆಯ ಹುಣಸೆಮರದ ಕೆಳಗಿದ್ದ ಗಂಡಸರು ಒಬ್ಬೊಬ್ಬರೇ ಎದ್ದು ಬರುತ್ತಿದ್ದಾರೆ. ಸಾಲಾಗಿ ನಿಲ್ಲಿಸಿದ ಬೈಕುಗಳಲ್ಲಿ ತಮ್ಮದು ಯಾವುದೆಂದು ಕೆಲವರಿಗೆ ತಕ್ಷಣ ಹೊಳೆಯುವುದಿಲ್ಲ.

ಒಂದು ಗಾಡಿ ಸ್ಟಾರ್ಟ್ ಆಗುತ್ತದೆ. ಮುಂದೆ ಟ್ಯಾಂಕಿನ ಮೇಲೆ ದೊಡ್ಡ ಮಗ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರಬೇಕಾದ ಹೆಂಡತಿ, ಅವಳ ಮಡಿಲಲ್ಲಿ ಕೂಸು, ಮೊಣಕೈಗೆ ಡಬ್ಬಿಯ ಚೀಲ. ಸ್ಟ್ಯಾಂಡು ತೆಗೆಯುವಾಗ ಗಂಡನ ಕಾಲು ಎರಡು ಸಲ ತಪ್ಪಿದ್ದನ್ನು ಅವಳು ನೋಡಿದ್ದಾಳೆ. “ನಿಧಾನಕ್ಕ ಹೋಗ್ರಿ ಮತ್ತ” ಅನ್ನುತ್ತಾಳೆ. “ನಂಗೇನಾಗಿಲ್ಲ, ಹತ್ತು ನೀನು” ಅನ್ನುತ್ತಾನೆ. ಅವಳು ಹತ್ತುತ್ತಾಳೆ. ಬಸ್ಸು ಆಗಲೇ ಹೋಗಿದೆ, ಮನೆಗಿರುವುದು ಒಂದೇ ಗಾಡಿ, ಅದನ್ನು ಓಡಿಸಲು ಬರುವುದು ಅವನೊಬ್ಬನಿಗೆ.

ಕುಡಿದು ಗಾಡಿ ಓಡಿಸುವುದರಲ್ಲಿ ಗಂಡಿಗೂ ಹೆಣ್ಣಿಗೂ ಏನು ವ್ಯತ್ಯಾಸ ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಗಂಡಸರು ಓಡಿಸುತ್ತಾರೆ, ಹೆಂಗಸರು ಓಡಿಸುವುದಿಲ್ಲ. ಮಾತು ನಿಜ. ಆದರೆ ಅದು ಹ್ಯಾಂಡಲ್ ಹಿಡಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಆ ಗಾಡಿಯ ಮೇಲೆ ಒಂದು ಹನಿಯನ್ನೂ ಕುಡಿಯದ, ಕಣ್ಣು ಕೈ ನೆಟ್ಟಗಿರುವ ಒಬ್ಬಳಿದ್ದಾಳೆ. ಅವಳು ಕೂತಿರುವುದು ಹಿಂದಿನ ಸೀಟಿನಲ್ಲಿ.

ಐದು ತಾಲ್ಲೂಕಿನ ದಾರಿಗಳು

2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳು. ಹೊಸಪೇಟೆಗೆ ಅಣೆಕಟ್ಟು, ಕಾರ್ಖಾನೆ, ಹಂಪಿ ಇವೆ. ಉಳಿದ ಐದು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಬಹುಪಾಲು ಮಳೆ ನಂಬಿದ ನೆಲ. ಶೇಂಗಾ, ಜೋಳ, ಮೆಕ್ಕೆಜೋಳ, ಹಡಗಲಿಯ ಮಲ್ಲಿಗೆ. ಹರಪನಹಳ್ಳಿಯನ್ನಂತೂ 1997ರಲ್ಲಿ ದಾವಣಗೆರೆಗೆ ಸೇರಿಸಿ, ಮತ್ತೆ ಬಳ್ಳಾರಿಗೆ ತಂದು, ಕೊನೆಗೆ ವಿಜಯನಗರಕ್ಕೆ ಕೊಟ್ಟರು. 

ಕೂಡ್ಲಿಗಿಯನ್ನು ಹಾದು ಚಿತ್ರದುರ್ಗ–ಹೊಸಪೇಟೆಯ ರಾಷ್ಟ್ರೀಯ ಹೆದ್ದಾರಿ 50 ಹೋಗುತ್ತದೆ. ಹರಿಹರದ ಕಡೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಹಾದು ಹೊಸಪೇಟೆಗೆ ಇನ್ನೊಂದು ದಾರಿ. ಇವೆರಡನ್ನು ಬಿಟ್ಟರೆ ಉಳಿದದ್ದು ಊರಿಂದೂರಿಗೆ ಹೋಗುವ, ದೀಪವಿಲ್ಲದ ಡಾಂಬರು ರಸ್ತೆ. ಸುಗ್ಗಿಯಲ್ಲಿ ಅದರ ಅರ್ಧಭಾಗದಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ, ಕಾಳು ಚದುರದಂತೆ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ನಿಂತಿರುತ್ತದೆ. ಭಾರತ ಹುಣ್ಣಿಮೆಯ ಸುತ್ತಮುತ್ತ ಮೈಲಾರದ ಕಾರಣಿಕ, ಉಚ್ಚಂಗಿದುರ್ಗದ ಜಾತ್ರೆ, ಆಮೇಲೆ ಕೊಟ್ಟೂರೇಶ್ವರನ ತೇರು. ಆ ದಿನಗಳಲ್ಲಿ ರಾತ್ರಿಯಿಡೀ ರಸ್ತೆಯ ಅಂಚಿನಲ್ಲಿ ಪಾದಯಾತ್ರೆಯವರು ನಡೆಯುತ್ತಿರುತ್ತಾರೆ.

ಇಂಥ ದಾರಿಯಲ್ಲಿ ಮನೆಮನೆಯ ವಾಹನ ಎರಡು ಚಕ್ರದ್ದು. ಒಂದು ಸ್ಪ್ಲೆಂಡರ್, ಇಲ್ಲವೇ ಗೊಬ್ಬರದ ಚೀಲದಿಂದ ಮೇವಿನವರೆಗೆ ಎಲ್ಲವನ್ನೂ ಹೊರುವ ಎಕ್ಸ್‌ಎಲ್. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಸತ್ತವರಲ್ಲಿ ಗಂಡಸರು ನೂರಕ್ಕೆ ಸುಮಾರು 85.

ಕುಡಿಯುವವರು ಯಾರು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಭಾರತೀಯ ಗಂಡಸರಲ್ಲಿ ನೂರಕ್ಕೆ ಸುಮಾರು 19 ಮಂದಿ ಕುಡಿಯುತ್ತಾರೆ. ಹೆಂಗಸರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಮನೆಬಾಗಿಲಿಗೆ ಬಂದು ‘ನೀವು ಕುಡೀತೀರಾ’ ಎಂದು ಕೇಳಿದರೆ ಎಷ್ಟು ಹೆಂಗಸರು ಹೌದು ಅಂದಾರು ಎನ್ನುವ ಅನುಮಾನ ಇಟ್ಟುಕೊಂಡರೂ ಅಂತರ ದೊಡ್ಡದೇ.

ಹೆಂಗಸರು ಕುಡಿಯುವುದೇ ಇಲ್ಲ ಎಂದಲ್ಲ. ನಿಮ್ಹಾನ್ಸ್‌ನ ಸಂಶೋಧಕರು ಇಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದ ಹೆಣ್ಣುಮಕ್ಕಳ ಕುಡಿತದ ಬಗ್ಗೆ ವಿವರವಾಗಿ ಅಧ್ಯಯನ ಮಾಡಿದ್ದಾರೆ. ನಮ್ಮಲ್ಲಿ ಕುಡಿಯುವ ಹೆಂಗಸರು ಸಮಾಜದ ಎರಡು ತುದಿಗಳಲ್ಲಿ ಹೆಚ್ಚು: ಒಂದು ಕಡೆ ಮೈಮುರಿದು ದುಡಿಯುವ ಬಡ ಸಮುದಾಯಗಳ ಹಿರಿಯ ಹೆಣ್ಣುಮಕ್ಕಳು, ಇನ್ನೊಂದು ಕಡೆ ನಗರದ ಅನುಕೂಲಸ್ಥರು. ಮೊದಲನೆಯವರ ಹತ್ತಿರ ಗಾಡಿಯಿಲ್ಲ. ಎರಡನೆಯವರು ಈ ಐದು ತಾಲ್ಲೂಕುಗಳಲ್ಲಿ ಬೆರಳೆಣಿಕೆ. ಹೀಗಾಗಿ ಕುಡಿದು ಓಡಿಸುವ ಹೆಣ್ಣು ಇಲ್ಲಿ ಕಾಣಿಸುವುದಿಲ್ಲ. ಇದನ್ನು ಹೆಣ್ಣಿನ ಹುಟ್ಟುಗುಣವೆಂದು ಹೊಗಳುವ ಮೊದಲು, ಬಾಟಲಿ ಹೇಗೆ ಅವಳ ಕೈಗೆ ಹೋಗಲಿಲ್ಲವೋ ಗಾಡಿಯ ಕೀಲಿಯೂ ಹಾಗೆಯೇ ಹೋಗಲಿಲ್ಲ ಎನ್ನುವುದನ್ನು ನೆನಪಿಡಬೇಕು.

ಎರಡೂ ಅವಳ ಕೈಗೆ ಹೋದ ದೇಶಗಳಲ್ಲಿ ಏನಾಗಿದೆ? ಅಮೆರಿಕದಲ್ಲಿ 1980ರ ಸುಮಾರಿಗೆ ಕುಡಿದು ಓಡಿಸಿ ಸಿಕ್ಕಿಬೀಳುತ್ತಿದ್ದವರಲ್ಲಿ ಹೆಂಗಸರು ಹತ್ತಕ್ಕೆ ಒಬ್ಬರಷ್ಟಿದ್ದರು. ಮುಂದಿನ ಮೂರು ದಶಕಗಳಲ್ಲಿ ಅದು ನಾಲ್ಕಕ್ಕೆ ಒಬ್ಬರಿಗೆ ಬಂತು. ಅಂತರ ಕಿರಿದಾಯಿತು, ಅಳಿಯಲಿಲ್ಲ. ಜೀವಹಾನಿಯಾದ ಅಪಘಾತಗಳಲ್ಲಿ ಮಿತಿಮೀರಿ ಕುಡಿದಿದ್ದ ಚಾಲಕರನ್ನು ತೆಗೆದುಕೊಂಡರೆ ಅಲ್ಲಿ ಇವತ್ತಿಗೂ ಒಬ್ಬ ಹೆಂಗಸಿಗೆ ನಾಲ್ವರು ಗಂಡಸರು. ಅಪಾಯವನ್ನು ಲಘುವಾಗಿ ತೆಗೆದುಕೊಳ್ಳುವ ಚಾಳಿ ಗಂಡುಹುಡುಗರಲ್ಲಿ ಹೆಚ್ಚು ಎನ್ನುವುದು ಬೇರೆ ಬೇರೆ ದೇಶಗಳ ಅನುಭವ. ನಮ್ಮಲ್ಲಿ ಅದಕ್ಕೆ ಇನ್ನೊಂದು ಸೇರುತ್ತದೆ. ನಾಲ್ಕು ಜನರ ಎದುರು ‘ಇವತ್ತು ನನ್ನ ಕೈಲಿ ಆಗಲ್ಲ, ಗಾಡಿ ಇಲ್ಲೇ ಇರ್ಲಿ’ ಅನ್ನುವುದು ಗಂಡಸುತನಕ್ಕೆ ಕುಂದು ಎಂದು ನಮ್ಮ ಊರುಗಳು ಹುಡುಗರಿಗೆ ಕಲಿಸಿಬಿಟ್ಟಿವೆ. ಹೆಂಡತಿಯ ಎದುರಿಗಂತೂ ಆ ಮಾತು ಬಾಯಿಗೇ ಬರುವುದಿಲ್ಲ.

ಒಂದು ಪ್ಯಾಕೆಟ್ಟಿನ ಲೆಕ್ಕ

‘ಬರೀ ಒಂದು ಪ್ಯಾಕೆಟ್ ಹಾಕೀನಿ, ಅಷ್ಟಕ್ಕೇನಾಗುತ್ತೆ’ ಎನ್ನುವುದು ಎಲ್ಲರೂ ಕೇಳಿರುವ ಮಾತು. ಅಷ್ಟಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ.

ಅಗ್ಗದ ವಿಸ್ಕಿಯ ಪ್ಯಾಕೆಟ್ಟಿನಲ್ಲಿ ಇರುವುದು 90 ಎಂಎಲ್. ಅದರ ಮೇಲೆ ಶೇ 42.8 ಎಂದು ಬರೆದಿರುತ್ತದೆ. ಅಂದರೆ ಒಳಗೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲು. ಅದು ಮೈಯಲ್ಲಿ ನೀರಿನ ಅಂಶವಿದ್ದ ಕಡೆಗೆಲ್ಲ ಹರಡುತ್ತದೆ, ಕೊಬ್ಬಿಗೆ ಅಷ್ಟಾಗಿ ಸೇರುವುದಿಲ್ಲ. ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕ್ 1930ರ ದಶಕದಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ಅದರ ಪ್ರಕಾರ 60 ಕಿಲೋ ತೂಕದ ಗಂಡಸು ಬರಿಹೊಟ್ಟೆಯಲ್ಲಿ ಒಂದು ಪ್ಯಾಕೆಟ್ ಕುಡಿದರೆ 100 ಎಂಎಲ್ ರಕ್ತದಲ್ಲಿ ಸುಮಾರು 75 ಮಿಲಿಗ್ರಾಂ ಆಲ್ಕೋಹಾಲು ಸೇರುತ್ತದೆ. ನಮ್ಮ ಕಾನೂನಿನ ಮಿತಿ 30. ಇಂಗ್ಲೆಂಡಿನಲ್ಲಿ 80, ಯುರೋಪಿನ ಬಹುತೇಕ ದೇಶಗಳಲ್ಲಿ 50. ನಮ್ಮ ಮಿತಿ ಬಿಗಿಯಾದದ್ದು, ಒಂದೇ ಪ್ಯಾಕೆಟ್ಟಿಗೆ ಅದರ ಎರಡೂವರೆ ಪಟ್ಟು ಆಗಿಹೋಗುತ್ತದೆ.

ಇಳಿಯುವುದು ಏರಿದಷ್ಟು ಬೇಗ ಅಲ್ಲ. ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಕರಗಿಸುತ್ತದೆ. ಮಜ್ಜಿಗೆ, ನಿಂಬೆಹುಳಿ, ತಣ್ಣೀರು ಸ್ನಾನ ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ಒಂದು ಪ್ಯಾಕೆಟ್ಟಿನವನು ಮಿತಿಯೊಳಗೆ ಬರಲು ಮೂರು ಗಂಟೆ ಬೇಕು. ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ಕುಡಿದವನಿಗೆ ಸುಮಾರು ಎಂಟು ಗಂಟೆ. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಐದಕ್ಕೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟರೆ ಕಾನೂನಿನ ಕಣ್ಣಿಗೆ ಅವನಿನ್ನೂ ಕುಡಿದವನೇ. ಇದು ಅಂದಾಜಿನ ಲೆಕ್ಕ. ಊಟ, ಮೈಕಟ್ಟು, ಅಭ್ಯಾಸ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ.

ಅದೇ ಪ್ಯಾಕೆಟ್ 50 ಕಿಲೋದ ಹೆಂಗಸಿನಲ್ಲಿ 110 ಮಿಲಿಗ್ರಾಂ ಆಗುತ್ತದೆ. ತೂಕ ಕಡಿಮೆಯಿರುವುದು ಒಂದು ಕಾರಣ. ಗಂಡಿನ ಮೈಯಲ್ಲಿ ನೀರು ನೂರಕ್ಕೆ 60ರಷ್ಟಿದ್ದರೆ ಹೆಣ್ಣಿನಲ್ಲಿ 50ರ ಆಸುಪಾಸು, ಕರಗಲು ಜಾಗವೇ ಕಡಿಮೆ. ಆಲ್ಕೋಹಾಲನ್ನು ಜಠರದಲ್ಲೇ ಒಡೆಯುವ ಕಿಣ್ವವೂ ಹೆಣ್ಣಿನಲ್ಲಿ ಕಡಿಮೆ. ಗಂಡಿಗೆ ತಡೆಯುತ್ತದೆ, ಹೆಣ್ಣಿಗೆ ತಡೆಯುವುದಿಲ್ಲ ಎಂಬ ಊರ ಮಾತಿಗೆ ಇಷ್ಟು ಆಧಾರವಿದೆ. ಆದರೆ ‘ತಡೆಯುತ್ತದೆ’ ಎನ್ನುವ ಮಾತೇ ಮೋಸದ್ದು. ರೂಢಿಯಾದ ಕುಡುಕ ನೆಟ್ಟಗೆ ನಡೆಯುತ್ತಾನೆ, ನೆಟ್ಟಗೆ ಮಾತಾಡುತ್ತಾನೆ, ಅವನ ರಕ್ತದಲ್ಲಿ ಇರುವುದು ಅಷ್ಟೇ ಇರುತ್ತದೆ. ಮೊದಲು ಮಂಕಾಗುವುದು ತೀರ್ಮಾನ ಮಾಡುವ ಶಕ್ತಿ. ‘ನಾನು ಓಡಿಸಬಲ್ಲೆನೇ’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದ ಮಿದುಳಿನ ಭಾಗವೇ ಎಲ್ಲಕ್ಕಿಂತ ಮೊದಲು ಅಮಲೇರಿಸಿಕೊಂಡಿರುತ್ತದೆ. ಆ ಪ್ರಶ್ನೆಯನ್ನು ಕುಡಿದವನಿಗೆ ಬಿಡಬಾರದು ಎನ್ನುವುದು ಅದಕ್ಕಾಗಿಯೇ.

ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 14 ಮೀಟರ್ ಹೋಗುತ್ತದೆ. ಬ್ರೇಕಿನ ಮೇಲೆ ಕಾಲು ಬೀಳುವುದು ಅರ್ಧ ಸೆಕೆಂಡು ತಡವಾದರೆ ಏಳು ಮೀಟರ್, ಎತ್ತು ಕಟ್ಟಿದ ಬಂಡಿಯ ಉದ್ದವನ್ನೂ ಮೀರಿದ ದೂರ. ಮೆಕ್ಕೆಜೋಳದ ರಾಶಿಗೆ ಅಂಚು ಕಟ್ಟಿದ ಕಲ್ಲು ಆ ಏಳು ಮೀಟರಿನೊಳಗೇ ಇರುತ್ತದೆ.

ಊದುವ ಯಂತ್ರ

ಪೊಲೀಸರು ಬಾಯಿಗೆ ಹಿಡಿಯುವ ಯಂತ್ರದ ಒಳಗೆ ಪ್ಲಾಟಿನಂ ಲೇಪದ ಪುಟ್ಟ ಕೋಶವಿರುತ್ತದೆ. ಉಸಿರಿನಲ್ಲಿರುವ ಆಲ್ಕೋಹಾಲು ಅಲ್ಲಿ ರಾಸಾಯನಿಕವಾಗಿ ಬದಲಾಗುವಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದನ್ನು ಅಳೆದು ರಕ್ತದ ಪ್ರಮಾಣ ಹೇಳುತ್ತದೆ. ಏಲಕ್ಕಿ ಜಗಿದರೆ, ಗುಟ್ಕಾ ಹಾಕಿದರೆ ವಾಸನೆ ಮುಚ್ಚೀತು, ಶ್ವಾಸಕೋಶದ ಆಳದಿಂದ ಬರುವ ಉಸಿರು ಬದಲಾಗುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸೆರೆ, 15,000 ರೂಪಾಯಿ. 2019ರ ತಿದ್ದುಪಡಿಗೆ ಮೊದಲು ಮೊದಲ ದಂಡ 2,000 ಇತ್ತು. ಹತ್ತು ಸಾವಿರವೆಂದರೆ ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ ಐದು ತಿಂಗಳ ಹಣ. ಗಂಡನಿಗೆ ಬಿದ್ದ ದಂಡವನ್ನು ಎಷ್ಟೋ ಮನೆಗಳಲ್ಲಿ ಕಟ್ಟುವುದು ಹೆಂಡತಿ ಸಂಘದಲ್ಲಿ ಎತ್ತಿದ ಸಾಲದಿಂದ.

ಸರ್ಕಾರಿ ಲೆಕ್ಕದಲ್ಲಿ ಕುಡಿತದಿಂದಾದ ಅಪಘಾತಗಳು ನೂರಕ್ಕೆ ಎರಡು ಮೂರರಷ್ಟೇ. ಈ ಅಂಕಿಯನ್ನು ನಾನು ನಂಬುವುದಿಲ್ಲ. ಎಫ್‌ಐಆರ್ ಬರೆಯುವಾಗ ಕಾರಣ ಒಂದೇ ಕಾಲಮಿಗೆ ಹೋಗುತ್ತದೆ, ಬಹುಪಾಲು ‘ಅತಿವೇಗ’ಕ್ಕೆ. ಗಾಯಾಳುವನ್ನು ಬಳ್ಳಾರಿಗೋ ದಾವಣಗೆರೆಗೋ ಸಾಗಿಸುವ ಧಾವಂತದಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುವವರು ಯಾರು? ಆಸ್ಪತ್ರೆಗಳಲ್ಲೇ ಕೂತು ನಡೆಸಿದ ಅಧ್ಯಯನಗಳಲ್ಲಿ ಕುಡಿತದ ಪಾಲು ಇದರ ಹಲವು ಪಟ್ಟು ಕಂಡಿದೆ.

ಹಿಂದೆ ಕೂತವಳ ಪಾಲು

ಈಗ ಹಿಂದಿನ ಸೀಟಿಗೆ ಬರೋಣ. ಒಂದು ಬದಿಗೆ ಕಾಲು ಹಾಕಿ ಕೂತವಳ ಭಾರವೆಲ್ಲ ಒಂದೇ ಕಡೆ. ಕೈಗಳು ಕೂಸಿನ ಮೇಲೆ, ಹಿಡಿದುಕೊಳ್ಳಲು ಏನೂ ಇಲ್ಲ. ಎದುರಿನ ದಾರಿ ಅವಳಿಗೆ ಕಾಣುವುದಿಲ್ಲ, ಗುಂಡಿ ಬಂದದ್ದು ತಿಳಿಯುವುದು ಗಾಡಿ ಎಗರಿದ ಮೇಲೆ. ಅಮಲಿನವನು ಥಟ್ಟನೆ ಬ್ರೇಕು ಒತ್ತಿದರೆ ಅವನಿಗೆ ಹ್ಯಾಂಡಲ್ ಆಸರೆ, ಅವಳು ಆಯತಪ್ಪಿ ನೆಲಕ್ಕೆ ಬೀಳುತ್ತಾಳೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಬರೆದವರಿಗೆ ಅವಳ ನೆನಪಿತ್ತು. ಹಿಂದೆ ಕೂತವರಿಗೆ ಹಿಡಿಕೆ ಇರಬೇಕು, ಕಾಲಿಡಲು ಮೆಟ್ಟಿಲು ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧವಾದರೂ ಮುಚ್ಚಿರಬೇಕು ಎಂದು 123ನೇ ನಿಯಮ ಹೇಳುತ್ತದೆ. ಸೀರೆ ಗಾರ್ಡ್ ಎಂದು ನಾವು ಕರೆಯುವುದು ಅದನ್ನೇ. ಚೆಂದ ಕಾಣುವುದಿಲ್ಲವೆಂದು ಹುಡುಗರು ಮೊದಲು ಬಿಚ್ಚಿಸುವುದೂ ಅದನ್ನೇ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕ 2016ರ ಜನವರಿಯಲ್ಲೇ ಹೇಳಿತು. ಮನೆಗೆ ಎರಡು ಹೆಲ್ಮೆಟ್ ಕೊಂಡವರನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಬೇಕು. ಒಂದಿದ್ದರೆ ಅದು ಹ್ಯಾಂಡಲ್ ಹಿಡಿದವನ ತಲೆಗೆ, ಅಥವಾ ಪೊಲೀಸರು ಕಂಡಾಗ ಹಾಕಿಕೊಳ್ಳಲು ಕನ್ನಡಿಗೆ.

ವಿಮೆಯ ಮಾತು ಇನ್ನೂ ಕಠೋರ. ಇದನ್ನು ಓದುಗರು, ಅದರಲ್ಲೂ ಓದುವ ಹೆಣ್ಣುಮಕ್ಕಳು, ನಿಧಾನವಾಗಿ ಗಮನಿಸಬೇಕು. ಹೊಸ ಗಾಡಿಯ ಮೊದಲ ವರ್ಷಗಳು ಕಳೆದ ಮೇಲೆ ಬಹಳ ಜನ ಕಟ್ಟುವುದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅದೂ ಕಟ್ಟಿದರೆ. ಆ ವಿಮೆ ಇರುವುದು ನಮ್ಮ ಗಾಡಿ ಬೇರೆಯವರಿಗೆ ಗುದ್ದಿದರೆ ಅವರಿಗೆ ಪರಿಹಾರ ಕೊಡಲು. ಹಿಂದೆ ಕೂತ ಹೆಂಡತಿ ‘ಬೇರೆಯವರೇ’? ಸುಪ್ರೀಂ ಕೋರ್ಟ್ 2006ರ ತೀರ್ಪೊಂದರಲ್ಲಿ, ಕಾಯ್ದೆಗೆ ಬೇಕಾದಷ್ಟನ್ನೇ ಮಾಡಿಸಿದ ಅಂಥ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದಿತು. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನಿಗೆ ಗುದ್ದಿದರೆ ಅವನಿಗೆ ಸಿಗುವ ರಕ್ಷಣೆ ಗಾಡಿಯ ಮೇಲೆಯೇ ಕೂತ ಮನೆಯವಳಿಗಿಲ್ಲ. ಕಾಂಪ್ರಹೆನ್ಸಿವ್, ಅಂದರೆ ಸಮಗ್ರ ಪಾಲಿಸಿ ಇದ್ದರೆ ಅವಳಿಗೂ ರಕ್ಷಣೆ ಇದೆ.

ಗಂಡನೇ ಸತ್ತರೆ? ಗಾಡಿಯ ಮಾಲೀಕನೇ ಓಡಿಸುವಾಗ ಸತ್ತರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಉಂಟು. ಕುಡಿದು ಓಡಿಸುತ್ತಿದ್ದರೆ ಅದು ಸಿಗುವುದಿಲ್ಲ ಎಂಬ ಷರತ್ತು ಅದರೊಳಗೇ ಇದೆ. ಕುಡಿದವನು ಬೇರೊಬ್ಬರಿಗೆ ಗುದ್ದಿ ಅವರು ಸತ್ತರೆ, 2019ರ ತಿದ್ದುಪಡಿಯ ನಂತರ ವಿಮಾ ಕಂಪನಿ ‘ಚಾಲಕ ಕುಡಿದಿದ್ದ’ ಎಂಬುದನ್ನೇ ಮುಂದಿಟ್ಟು ಹೊಣೆಯಿಂದ ಜಾರಿಕೊಳ್ಳಲು ನೋಡಬಹುದು. ನ್ಯಾಯಾಲಯ ‘ಮೊದಲು ನೀನು ಕೊಡು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೋ’ ಎಂದರೂ ವಸೂಲಿಯ ನೋಟಿಸು ಬರುವುದು ಆ ಮನೆಗೇ. ಎರಡು ಎಕರೆ ಹೊಲದ ಪಹಣಿಯ ಮೇಲೆ ಆ ಮೊತ್ತ ಕೂತರೆ ಮಕ್ಕಳ ಕಾಲಕ್ಕೂ ಇಳಿಯುವುದಿಲ್ಲ.

ರಸ್ತೆಯಲ್ಲಿ ಸಾಯುವವರಲ್ಲಿ ನೂರಕ್ಕೆ 85 ಗಂಡಸರು ಎಂದು ಮೇಲೆ ಬರೆದೆ. ಆ ಸಂಖ್ಯೆಯ ಹಿಂದೆ ಇನ್ನೊಂದಿದೆ. ಮೂವತ್ತರ ವಯಸ್ಸಿನಲ್ಲಿ ವಿಧವಾ ವೇತನದ ಅರ್ಜಿ ಹಿಡಿದು ನಾಡಕಚೇರಿಯ ಮುಂದೆ ನಿಂತವಳು ಅಪಘಾತದ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಸೊಂಟ ಮುರಿದುಕೊಂಡು ಮಲಗಿದ ಗಂಡನ ಹಾಸಿಗೆ ಬದಲಿಸುತ್ತ, ಕೂಲಿಗೂ ಹೋಗಲಾಗದವಳನ್ನು ಯಾವ ಕಾಲಮಿನಲ್ಲಿ ಬರೆಯಬೇಕು?

ಕುಡಿಯಲು ಹೋಗುವ ದಾರಿ

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕವಿದೆ. ಅವರು ತೀರಿಕೊಂಡ 1948ರಲ್ಲೇ, ಅಕ್ಟೋಬರ್ 2ರಂದು, ಮದ್ರಾಸ್ ಪ್ರಾಂತ್ಯದ ಉದ್ದಗಲಕ್ಕೂ ಪಾನನಿಷೇಧ ಜಾರಿಯಾಗಿತ್ತು. 1953ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳಿಗೂ ಅದು ಅನ್ವಯಿಸುತ್ತಿತ್ತು. ಮೈಸೂರು ರಾಜ್ಯ ಪಾನನಿಷೇಧ ಕೈಬಿಟ್ಟದ್ದು 1967ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿದವರು.

ಆಮೇಲಿನ ದೊಡ್ಡ ತಿರುವು 2007ರ ಜುಲೈ 1ರ ಸಾರಾಯಿ ನಿಷೇಧ. ಹೆಂಗಸರು ಬಹಳ ದಿನ ಬೇಡಿದ್ದು ಅದು. ಸಾರಾಯಿ ಅಂಗಡಿ ಊರೊಳಗೇ ಇತ್ತು, ಕುಡಿದವನು ತೂರಾಡುತ್ತ ನಡೆದು ಮನೆಗೆ ಬರುತ್ತಿದ್ದ, ಬಿದ್ದರೆ ಚರಂಡಿಗೆ ಬೀಳುತ್ತಿದ್ದ. ಈಗ ಬಾರ್ ಇರುವುದು, ಎಂಎಸ್‌ಐಎಲ್ ಅಂಗಡಿ ಇರುವುದು ಹೋಬಳಿ ಊರಲ್ಲಿ, ಹೆದ್ದಾರಿಯ ಕೂಡುರಸ್ತೆಯಲ್ಲಿ. ಅಲ್ಲಿಗೆ ಗಾಡಿಯಲ್ಲೇ ಹೋಗಬೇಕು, ಗಾಡಿಯಲ್ಲೇ ಬರಬೇಕು. ಅದೇ ಹತ್ತು ಹದಿನೈದು ವರ್ಷಗಳಲ್ಲಿ ಕಂತಿನ ಮೇಲೆ ಬೈಕು ಮನೆಮನೆಗೂ ಬಂತು. ನಿಷೇಧ ತಪ್ಪಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕುಡಿತ ಕಾಲ್ನಡಿಗೆಯಿಂದ ಚಕ್ರದ ಮೇಲೆ ಹತ್ತಿದ್ದನ್ನು ಯಾರೂ ಎಣಿಸಲಿಲ್ಲ.

ಹೆದ್ದಾರಿಯ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತು. ಮರುವರ್ಷ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದು 220 ಮೀಟರ್ ಆಯಿತು, ಪುರಸಭೆ, ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿನ ಅಂಗಡಿಗಳಿಗೆ ವಿನಾಯಿತಿ ಸಿಕ್ಕಿತು. ರಾಜ್ಯಕ್ಕೆ ಅಬಕಾರಿಯಿಂದ ಬರಬೇಕಾದ ಹಣದ ಗುರಿ 2025–26ರ ಬಜೆಟ್ಟಿನಲ್ಲಿ 40,000 ಕೋಟಿ. ಇಷ್ಟು ದೊಡ್ಡ ಆದಾಯವನ್ನು ಯಾವ ಸರ್ಕಾರವೂ ಸುಲಭಕ್ಕೆ ಬಿಡುವುದಿಲ್ಲ.

ಹೆಂಗಸರು ಸುಮ್ಮನಿರಲಿಲ್ಲ. 2016ರ ಜೂನ್‌ನಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟು ರಾಜ್ಯವೆಲ್ಲ ಸುದ್ದಿಯಾದದ್ದು ಅಂಬೇಡ್ಕರ್ ಭವನದ ದಾರಿಯಲ್ಲಿನ ಮದ್ಯದಂಗಡಿಯ ವಿವಾದದ ನಡುವೆ. 2019ರ ಜನವರಿ 19ರಂದು ನೆರೆಯ ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಬೆಂಗಳೂರಿಗೆ ನಡೆದು ಹೊರಟರು, ಸುಮಾರು 200 ಕಿಲೋಮೀಟರ್. ಕುಡಿತ ತಮ್ಮ ಮನೆಗೆ ಏನು ಮಾಡಿತು ಎನ್ನುವುದನ್ನು ದಾರಿಯುದ್ದಕ್ಕೂ ಹೇಳುತ್ತ ನಡೆದರು. ಆ ಗುಂಪಿನಲ್ಲಿದ್ದ ರಾಯಚೂರು ಕಡೆಯ ತಾಯಿಯೊಬ್ಬರು ಹೆದ್ದಾರಿಯಲ್ಲಿ ಬೈಕು ಗುದ್ದಿ ತೀರಿಕೊಂಡರು. ಉಳಿದವರು ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು.

ಕೀಲಿ

ಬೇರೆ ದೇಶಗಳಲ್ಲಿ ಗೆಳೆಯರ ಗುಂಪು ಕುಡಿಯಲು ಹೊರಟರೆ ಒಬ್ಬ ಕುಡಿಯದೆ ಉಳಿಯುತ್ತಾನೆ, ವಾಪಸು ಬರುವಾಗ ಗಾಡಿ ಅವನದು. ಎಷ್ಟೋ ವರ್ಷಗಳ ಪ್ರಚಾರದಿಂದ ಅಲ್ಲಿ ಆ ರೂಢಿ ಬೆಳೆದಿದೆ. ನಮ್ಮ ಬೀಗರೂಟದಲ್ಲಿ ಅಂಥವರನ್ನು ನೇಮಿಸಬೇಕಾದ ಅಗತ್ಯವೇ ಇಲ್ಲ. ಪ್ರತಿ ಗಾಡಿಯ ಹಿಂದಿನ ಸೀಟಿನಲ್ಲೂ ಕುಡಿಯದವಳೊಬ್ಬಳು ಆಗಲೇ ಕೂತಿದ್ದಾಳೆ. ಅವಳಿಗೆ ಓಡಿಸಲು ಬಂದರೆ ಸಾಕು.

ಹೆಂಗಸರಿಗೆ ಗಾಡಿ ಕಲಿಸುವುದನ್ನು ನಾವು ಸಬಲೀಕರಣದ ಭಾಷಣಕ್ಕೆ ಬಿಟ್ಟಿದ್ದೇವೆ. ನನಗೆ ಅದು ಮೊದಲು ಅಪಘಾತ ತಡೆಯುವ ಕೆಲಸ. ಲೈಸೆನ್ಸಿಗೆ 18 ತುಂಬಿದ್ದರೆ ಸಾಕು, ಬೈಕು ಸ್ಕೂಟರಿಗೆ ಶಾಲೆಯ ಸರ್ಟಿಫಿಕೇಟು ಬೇಕಿಲ್ಲ. ಕಲಿಕಾ ಲೈಸೆನ್ಸಿನ ಅರ್ಜಿ ಮೊಬೈಲಿನಲ್ಲೇ ಹಾಕಬಹುದು, ಅದು ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಓಡಿಸಿ ತೋರಿಸಬೇಕು. ಹಡಗಲಿಯ ಹಳ್ಳಿಯಿಂದ ಹೊಸಪೇಟೆಯ ಆರ್‌ಟಿಒಗೆ ಹೋಗಿಬರುವುದೆಂದರೆ ಕೂಲಿಯವಳಿಗೆ ಒಂದು ದಿನದ ದುಡಿಮೆ ಖೋತಾ. ತಾಲ್ಲೂಕಿಗೆ ತಿಂಗಳಿಗೊಂದು ದಿನ ಹೆಂಗಸರಿಗೆಂದೇ ಪರೀಕ್ಷೆಯ ಶಿಬಿರ ನಡೆಸಿದರೆ ಆಗುವ ಖರ್ಚು ಒಂದು ತಲೆಪೆಟ್ಟಿನ ಆಪರೇಷನ್ನಿಗಿಂತ ಹೆಚ್ಚಾಗಲಾರದು.

ಗಾಡಿ ಬಾರದವಳಿಗೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಟಿಕೆಟ್ಟಿಗೆ ಕಾಸಿಲ್ಲ ಎಂಬ ಕಾರಣಕ್ಕೆ ಅಮಲಿನವನ ಹಿಂದೆ ಹತ್ತಬೇಕಾಗಿಲ್ಲ ಎನ್ನುವುದು ಆ ಯೋಜನೆಯ ಯಾರೂ ಹೇಳದ ಲಾಭ. ಆದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ದೀಪ ಹಚ್ಚುವ ಹೊತ್ತಿಗೆಲ್ಲ ಮುಗಿದುಹೋದರೆ ಉಚಿತವಿದ್ದೂ ಅವಳಿಗೆ ದಕ್ಕುವುದಿಲ್ಲ. ಮದುವೆ ಸುಗ್ಗಿಯಲ್ಲಿ, ಜಾತ್ರೆಯ ವಾರದಲ್ಲಿ ರಾತ್ರಿ ಒಂಬತ್ತರ ಒಂದು ಟ್ರಿಪ್ಪು ಹೆಚ್ಚಿಗೆ ಹಾಕಿ ಎಂದು ಡಿಪೊಗೆ ಅರ್ಜಿ ಕೊಡಬೇಕಾದವರು ಊರ ಸಂಘದವರು.

ನಮ್ಮ ತಾಲ್ಲೂಕು ಊರುಗಳ ಶಾಲಾ ಮೈದಾನಕ್ಕೆ ಬೆಳಗಿನ ಆರಕ್ಕೆ ಹೋಗಿ ನೋಡಿ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಟೀಚರುಗಳು ಸ್ಕೂಟಿ ಕಲಿಯುತ್ತಿರುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಹ್ಯಾಂಡಲ್ ಬಿಗಿಯಾಗಿ ಹಿಡಿದಿರುತ್ತಾರೆ. ಹಿಂದಿನ ಸೀಟಿನಲ್ಲಿ ಗಂಡ ಕೂತು, ಬೀಳದಂತೆ ಎರಡೂ ಕಾಲು ನೆಲಕ್ಕೆ ಇಳಿಬಿಟ್ಟು, “ಬ್ರೇಕ್ ಹಿಡಿ, ಬ್ರೇಕ್ ಹಿಡಿ” ಅನ್ನುತ್ತಿರುತ್ತಾನೆ. ಎರಡನೇ ಸುತ್ತಿಗೆ ಅವನು ಕಾಲೆತ್ತಿ ಮೆಟ್ಟಿಲ ಮೇಲೆ ಇಟ್ಟುಕೊಳ್ಳುತ್ತಾನೆ.